ಪುಂಡಿಪಲ್ಯದ ಮಡಿಯ ತನಕ ಒಂದು ರೈಲುಮಾರ್ಗ

ವಿದೇಶ ಪ್ರವಾಸದಿಂದ ಮನುಷ್ಯನ ದೃಷ್ಟಿ ವಿಶಾಲವಾಗುತ್ತದೆ, ಪರಜನರ ರೀತಿನೀತಿ ಕಂಡು ಅವನ ಅಹಂಕಾರ ಕರಗುತ್ತದೆ, ಅವನು ಹೊಸ ಮನುಷ್ಯನಾಗಿ ಮರಳುತ್ತಾನೆ ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ನಾನು ಹೋದದ್ದು ಒಂದು ಕ್ರಿಯಾಪದವನ್ನು ತಪ್ಪಾಗಿ ತಿಳಿದುಕೊಂಡು. ಮರಳಿದ್ದು ಸೊಂಟನೋವಿನೊಂದಿಗೆ.

ರಾಯಚೂರು

ನಾನು ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಇನ್ಸ್‌ಪೆಕ್ಟರ್ ಆಗಿದ್ದವನು. ಹಳಿಯ ಪಕ್ಕ ನಡೆಯುವುದು, ಬಗ್ಗಿ ನೋಡುವುದು, ಗ್ಯಾಂಗಿನವರನ್ನು ಬೈಯುವುದು ಇಷ್ಟರಲ್ಲಿ ನನ್ನ ಸೇವಾವಧಿ ಮುಗಿಯಿತು. ನಿವೃತ್ತಿಯಾದ ಮೇಲೆ ನಡೆಯುವುದೂ ಬಗ್ಗುವುದೂ ತಪ್ಪಿದವು. ಬೈಯುವುದಕ್ಕೆ ಜನ ಸಿಗುತ್ತಿರಲಿಲ್ಲ. ಎಂಬತ್ತರ ದಶಕದ ಆರಂಭದ ಆ ಬೇಸಿಗೆಯಲ್ಲಿ, ನಮ್ಮ ಓಣಿಯ ಏಕೈಕ ಫೋನಿನ ಒಡೆಯರಾದ ಹತ್ತಿ ಅಡತಿ ಅಂಗಡಿಯ ಖಾಜಾ ಸಾಹೇಬರು ಖುದ್ದು ನನ್ನ ಮನೆಯ ಮುಂದೆ ಬಂದು ನಿಂತರು. ರಾಯಚೂರಿನ ಮಧ್ಯಾಹ್ನದ ಬಿಸಿಲಿನಲ್ಲಿ ಒಬ್ಬ ದಪ್ಪ ಮನುಷ್ಯ ಓಡಿ ಬಂದಿದ್ದಾನೆ ಎಂದರೆ ಯಾರೋ ತೀರಿಕೊಂಡಿರಬೇಕು ಎಂದುಕೊಂಡೆ.

"ಜಲ್ದಿ ಬರ್ರಿ ಇನ್ಸ್‌ಪೆಕ್ಟರ್ ಸಾಬ್. ಇಂಗ್ಲೆಂಡಿನಿಂದ ಫೋನ್ ಬಂದದ. ನಿಮ್ಮ ತಂಗಿ ಅಳಾಕತ್ತಾರೋ ನಗಾಕತ್ತಾರೋ ತಿಳಿವಲ್ದು."

ಫೋನಿನೊಳಗೆ ಹತ್ತಿ ಜಿನ್ನಿಂಗ್ ಮಿಲ್ಲೇ ನಡೆದಿತ್ತು. ಅದರ ನಡುವಿನಿಂದ ನನ್ನ ತಂಗಿ ಶಾಂತಾಳ ದನಿ ತುಂಡುತುಂಡಾಗಿ ಬಂತು.

"ಅಣ್ಣಾ, ಇವರು ಹಿತ್ತಲದಾಗ ರೈಲು ಹಚ್ಚ್ಯಾರ. ನೀ ಬಾ."

"ಏನು ಹಚ್ಚ್ಯಾರ?"

"ರೈಲು, ರೈಲು! ಮ್ಯಾಲ ಕುಂತು ಹೋಗೋ ಸಣ್ಣ ರೈಲು. ನೀ ಬಂದು ನಿಂದ್ರಸು. ನಿನ್ನ ಬಿಟ್ಟರ ಇವರು ಯಾರ ಮಾತೂ ಕೇಳಂಗಿಲ್ಲ."

ಅಲ್ಲಿಗೆ ಲೈನು ಕಡಿಯಿತು. ನಾನು ಎದೆಯುಬ್ಬಿಸಿ ಖಾಜಾ ಸಾಹೇಬರಿಗೆ ಹೇಳಿದೆ: "ಅಲ್ಲಿ ರೈಲು ಹಾಕಾಕತ್ತಾರಂತ. ನಿಂದ್ರಸಾಕ ನಾನೇ ಬೇಕಂತ."

"ರಿಟೈರ್ ಆದ್ರೂ ರೈಲು ನಿಮ್ಮನ್ನ ಬಿಡಂಗಿಲ್ಲ ನೋಡ್ರಿ," ಎಂದು ಅವರು ಚಹಾ ತರಿಸಿದರು.

ಇಲ್ಲಿ ಓದುಗರಿಗೆ ಒಂದು ವ್ಯಾಕರಣದ ಮಾತು ಹೇಳಬೇಕು. ನಮ್ಮ ಕಡೆ ಮದುವೆಗೆ ಹಂದರ ನಿಂದ್ರಸುತ್ತೇವೆ, ಓಣಿಯಲ್ಲಿ ದೀಪದ ಕಂಬ ನಿಂದ್ರಸುತ್ತೇವೆ, ಚುನಾವಣೆಗೆ ಅಭ್ಯರ್ಥಿಯನ್ನೂ ನಿಂದ್ರಸುತ್ತೇವೆ. ಓಡುವ ಬಸ್ಸಿಗೆ ಕೈ ಮಾಡಿ ಅದನ್ನೂ ನಿಂದ್ರಸುತ್ತೇವೆ. ನಾನು ಹಂದರದ ಅರ್ಥ ಹಿಡಿದೆ. ನನ್ನ ತಂಗಿ ಹೇಳಿದ್ದು ಬಸ್ಸಿನ ಅರ್ಥದಲ್ಲಿ ಎಂಬುದು ನನಗೆ ತಿಳಿದದ್ದು ಏಳು ಸಮುದ್ರ ದಾಟಿ, ಹೆಗಲ ಮೇಲೆ ಸಬ್ಬಲು ಹೊತ್ತು, ಅವಳ ಬಾಗಿಲಲ್ಲಿ ನಿಂತ ಮೇಲೆ.

ಅವಳ ಗಂಡ ವೀರೇಶ ಮಾನ್ವಿಯವನು, ಡಾಕ್ಟರ್. ಮನೆಯಲ್ಲಿ ಎಲ್ಲರೂ ಅವನನ್ನು ಕರೆಯುವುದೂ ಡಾಕ್ಟರ್ ಎಂದೇ. ನಾಕೈದು ವರ್ಷ ಓದಿ, ಕೆಲಸ ಕಲಿತು, ಮಾನ್ವಿಗೆ ಬಂದು ದವಾಖಾನೆ ಹಾಕುತ್ತೇನೆಂದು ಮದುವೆಯಾದ ವರ್ಷವೇ ಹೆಂಡತಿಯನ್ನು ಕರೆದುಕೊಂಡು ಹೋದವನು. ಆಗಲೇ ಹನ್ನೆರಡು ವರ್ಷವಾಗಿತ್ತು. ಭಾವನವರು ಹಳಿಯ ಕೆಲಸಕ್ಕೆ ಬರುತ್ತಾರೆ ಎಂದು ನನ್ನ ಪತ್ರದಿಂದ ತಿಳಿದದ್ದೇ ತಡ, ಅವನು ವಿಮಾನದ ಟಿಕೆಟ್ಟು ಕಳಿಸಿಬಿಟ್ಟ.

ಮಾನ್ವಿ, ದೇವದುರ್ಗ

ಹೊರಡುವ ಮುಂಚೆ ಮಾನ್ವಿಗೆ ಹೋದೆ. ಡಾಕ್ಟರನ ಅಣ್ಣ ಬಸಣ್ಣ ನನ್ನನ್ನು ಊಟಕ್ಕೆ ಕೂಡಿಸುವ ಮೊದಲೇ ಕೈ ಹಿಡಿದು ಬಜಾರಿನ ಕಡೆಗೆ ಮುಖ ಮಾಡಿದ ಒಂದು ಖೋಲಿಗೆ ಕರೆದೊಯ್ದರು. ಖೋಲಿಯ ತುಂಬ ಶೇಂಗಾ ಚೀಲ. ಬಾಗಿಲ ಮೇಲೆ ತಮ್ಮನ ಹೆಸರಿನ ಬೋರ್ಡು. ಬಣ್ಣ ಮಾಸಿದಾಗಲೆಲ್ಲ ಮೇಲೆ ಹೊಸ ಬಣ್ಣ ಬಳಿಸಿ ಅಕ್ಷರಗಳು ದಪ್ಪವಾಗಿದ್ದವು.

"ಇದು ಅವನ ದವಾಖಾನಿರಿ. ಚೀಲ ಏನು, ಒಂದು ದಿನದಾಗ ತಗಸ್ತೀನಿ. ಯಾವಾಗ ಬರ್ತೀ ಅಂತ ಕೇಳ್ಕೊಂಡು ಬರ್ರಿ. ಬರಂಗಿಲ್ಲ ಅಂದ್ರ ಅದನ್ನರ ಹೇಳು ಅನ್ರಿ. ಕೇಳಿ ಕೇಳಿ ನನಗ ಸಾಕಾಗೇದ. ಮಂದಿಗೆ ಹೇಳಿ ಹೇಳಿ ಇನ್ನೂ ಸಾಕಾಗೇದ."

ದೇವದುರ್ಗ ನನ್ನ ಹುಟ್ಟೂರು, ಶಾಂತಾಳ ತವರು. ಅಲ್ಲಿ ಅವಳಿಗೆಂದು ನಮ್ಮ ಕಡೆಯ ಹುಳಿಸೊಪ್ಪು ಪುಂಡಿಯ ಬೀಜ ಕಟ್ಟಿಸಿಕೊಂಡು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕುಳಿತಿದ್ದಾಗ ಹಳೆಯ ಗೆಳೆಯ ಹನುಮಂತ ಸಬ್ಬಲು, ಸುತ್ತಿಗೆ, ಮಟ್ಟದ ಗಾಜು ತುಂಬಿದ ನನ್ನ ಚೀಲ ನೋಡಿದ.

"ಎಲ್ಲಿಗ್ಯೋ?"

"ಇಂಗ್ಲೆಂಡಿಗೆ. ರೈಲು ಹಾಕಾಕ."

ಹೋಟೆಲು ಪೂರ್ತಿ ತಿರುಗಿತು.

"ದೇವದುರ್ಗಕ್ಕ ರೈಲಿಲ್ಲ, ಮಾನ್ವಿಗೆ ರೈಲಿಲ್ಲ. ಈ ಮಗ ಇಂಗ್ಲೆಂಡಿಗೆ ರೈಲು ಹಾಕಾಕ ಹೊಂಟಾನ!"

"ಅವರು ನಮ್ಮ ರಾಯಚೂರಿಗೆ ಹಾಕಿದ್ರಲ್ಲಪಾ," ಎಂದೆ. "ಮುಯ್ಯಿ ತೀರಸಬೇಕಲ್ಲ."

"ತೀರಸು, ತೀರಸು. ಬರೋ ಮುಂದ ಉಳಿದ ಹಳಿ ಕಟ್ಟಿಸ್ಕೊಂಡು ಬಾ. ನಮ್ಮೂರಿಗೆ ಆಗ್ತಾವ."

ನಾನು ಗಂಭೀರವಾಗಿ ಒಪ್ಪಿಕೊಂಡು ಬಸ್ಸು ಹತ್ತಿದೆ.

ಕಸ್ಟಮ್ಸ್

ವಿಮಾನದ ಬಗ್ಗೆ ಹೇಳಲು ಹೆಚ್ಚಿಲ್ಲ. ಕಿಟಕಿಯ ಹೊರಗೆ ಹಳಿ ಕಾಣದ ಪ್ರಯಾಣ ನನಗೆ ಪ್ರಯಾಣವೇ ಅಲ್ಲ. ಇಳಿದ ಮೇಲೆ ಕಸ್ಟಮ್ಸಿನ ಅಧಿಕಾರಿ ನನ್ನ ಚೀಲ ಬಿಚ್ಚಿದ. ಮೊದಲು ಸುತ್ತಿಗೆ ಬಂತು. ಆಮೇಲೆ ಸಬ್ಬಲು. ಅದರ ಕೆಳಗೆ ಬಿಳಿ ಬಟ್ಟೆಯಲ್ಲಿ ಕಟ್ಟಿದ ಸಜ್ಜಿರೊಟ್ಟಿ, ಎಳ್ಳು ಹಚ್ಚಿ, ಒಣಗಿಸಿ ಕಟಿ ಮಾಡಿದ್ದು. ಅವನು ಒಂದನ್ನು ತೆಗೆದು ಮೇಜಿನ ಮೇಲೆ ಕುಟ್ಟಿದ. ಹೆಂಚಿನ ಸದ್ದು ಬಂತು.

"ಇದೇನು?"

"ಬ್ರೆಡ್ಡು."

ಅವನು ರೊಟ್ಟಿಯನ್ನು ನೋಡಿದ, ಸುತ್ತಿಗೆಯನ್ನು ನೋಡಿದ, ಎರಡಕ್ಕೂ ಇರುವ ಸಂಬಂಧ ತನಗೆ ತಿಳಿಯಿತು ಎಂಬಂತೆ ತಲೆಯಾಡಿಸಿ ಬಿಟ್ಟುಕಳಿಸಿದ. ಪುಂಡಿ ಬೀಜ ಗುರೆಳ್ಳು ಚಟ್ನಿಯೊಳಗೆ ಅಡಗಿ ಹೋಯಿತು. ಚಟ್ನಿಯ ಡಬ್ಬಿ ತೆಗೆದ ಕೂಡಲೇ ಅವನಿಗೆ ಸೀನು ಹತ್ತಿದ್ದರಿಂದ ಮುಂದಿನ ವಿಚಾರಣೆ ನಡೆಯಲಿಲ್ಲ.

ಹಿತ್ತಲಿನ ರಾಯಚೂರು

ತಂಗಿ, ಡಾಕ್ಟರ್ ಇದ್ದದ್ದು ಉತ್ತರ ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ. ಓಣಿಯ ಮನೆಗಳೆಲ್ಲ ಒಂದೇ ಅಚ್ಚಿನವು. ಓಣಿಯಲ್ಲಿ ಮನುಷ್ಯರು ಕಾಣಲಿಲ್ಲ. ನಮ್ಮಲ್ಲಿ ಚೀಲ ಹಿಡಿದು ಓಣಿಗೆ ಕಾಲಿಟ್ಟರೆ ಯಾರ ಮನಿಗೆ, ಯಾಕ, ಎಷ್ಟು ದಿನ ಎಂದು ಕೇಳುವವರು ಐದು ಜನ ಇರುತ್ತಾರೆ. ಇಲ್ಲಿ ಯಾರೂ ಕೇಳದೆ ಹೋದದ್ದರಿಂದ ನಾನು ನಿಜವಾಗಿ ಬಂದಿದ್ದೇನೋ ಇಲ್ಲವೋ ಎಂದು ಅನುಮಾನವಾಯಿತು.

ಶಾಂತಾ ಬಾಗಿಲು ತೆರೆದಳು. ಸೀರೆ, ಅದರ ಮೇಲೆ ಸ್ವೆಟರ್, ಕಾಲಿಗೆ ಗಂಡನ ಸಾಕ್ಸು. ಅವಳ ಕಣ್ಣುಗಳು ತುಂಬಿ ಬಂದವು. ಆಮೇಲೆ ಆ ಕಣ್ಣುಗಳು ನನ್ನ ಹೆಗಲ ಮೇಲೆ ಹೋದವು.

"ಸಬ್ಬಲ ಯಾಕ ತಂದಿ?"

"ರೈಲು ನಿಂದ್ರಸು ಅಂದಿ."

"ಅಯ್ಯ ನನ್ನ ಯಪ್ಪಾ! ನಿಂದ್ರಸು ಅಂದ್ರ ಬಂದ್ ಮಾಡಸು ಅಂತ! ಹಚ್ಚಾಕ ಒಬ್ಬರು ಇದ್ರಲ್ಲ, ನೀ ಎರಡನೇದವನು ಆದೇನು?"

ಅಷ್ಟರಲ್ಲಿ ಡಾಕ್ಟರ್ ಹಿಂದಿನಿಂದ ಬಂದು ಸಬ್ಬಲನ್ನು ಎರಡೂ ಕೈಯಿಂದ ಇಸಿದುಕೊಂಡ, ದೇವರ ಪಲ್ಲಕ್ಕಿಯ ಕೋಲಿನ ಹಾಗೆ. "ಬರ್ರಿ ಭಾವಾರ, ಬರ್ರಿ. ಚಹಾ ಆಮ್ಯಾಲ ಕುಡಿಯಂತ್ರಿ. ಮೊದಲ ಜಂಕ್ಷನ್ ನೋಡ್ರಿ."

ಜಂಕ್ಷನ್ನು ಅಡುಗೆಮನೆಯ ಹಿಂದಿನ ಬಾಗಿಲಲ್ಲಿತ್ತು. ಹಳದಿ ಹಲಗೆಯ ಮೇಲೆ ಕಪ್ಪು ಕನ್ನಡ ಅಕ್ಷರಗಳಲ್ಲಿ 'ರಾಯಚೂರು'. ಮುಂದೆ ಒಂದು ಚೋಟು ಅಗಲದ ಹಳಿ. ನಮ್ಮ ಬ್ರಾಡ್‌ಗೇಜಿನ ಎರಡು ಹಳಿಗಳ ನಡುವೆ ಎಮ್ಮೆ ಆರಾಮವಾಗಿ ಮಲಗಬಹುದು, ಮಲಗಿದ್ದನ್ನು ನಾನೇ ಎಬ್ಬಿಸಿದ್ದೇನೆ. ಇದರ ನಡುವೆ ಬೆಕ್ಕು ಮಲಗಿದರೂ ಬಾಲ ಹೊರಗೆ ಉಳಿಯುತ್ತದೆ. ಶೆಡ್ಡಿನೊಳಗೆ ಎಂಜಿನ್ನು. ಮಲಗಿದ ಕರುವಿನಷ್ಟು ಗಾತ್ರ, ಹಸಿರು ಬಣ್ಣ, ನಿಜವಾದ ಕಲ್ಲಿದ್ದಲು, ನಿಜವಾದ ಉಗಿ. ಕಲ್ಲಿದ್ದಲು ಹಾಕುವ ಸಲಿಕೆ ಒಗ್ಗರಣೆ ಸೌಟಿನಷ್ಟು. ಅದು ಒಗ್ಗರಣೆ ಸೌಟೇ ಎಂದು ಶಾಂತಾ ಆಮೇಲೆ ತಿಳಿಸಿದಳು, ತನ್ನದೇ, ಕೇಳದೆ ಒಯ್ದದ್ದು. ಆ ದೇಶದಲ್ಲಿ ಮನೆಯ ಹಿತ್ತಲಿನಲ್ಲಿ ಇಂಥ ರೈಲು ಹಾಕಿ ಅದರ ಮೇಲೆ ಕುಕ್ಕರುಗಾಲಲ್ಲಿ ಕೂತು ಸುತ್ತುವ ದೊಡ್ಡ ಮನುಷ್ಯರು ಬೇಕಾದಷ್ಟಿದ್ದಾರೆ. ಅವರನ್ನು ಯಾರೂ ಆಸ್ಪತ್ರೆಗೆ ಸೇರಿಸುವುದಿಲ್ಲ.

ಡಾಕ್ಟರ್ ಕೋಲಿನಿಂದ ನೆಲದ ಮೇಲೆ ಗೀರಿ ತೋರಿಸಿದ. "ಇಲ್ಲಿ ರಾಯಚೂರು. ಶೆಡ್ಡಿನ ಹಿಂದ ಹಾದು ಮೂಲ್ಯಾಗ ಮಾನ್ವಿ. ಮಾನ್ವಿಯಿಂದ ತಿರುವು ತಗೊಂಡು ದೇವದುರ್ಗ. ಅಲ್ಲಿಂದ ಮತ್ತ ರಾಯಚೂರು. ಸಣ್ಣಾಂವ ಇದ್ದಾಗಿಂದ ಕೇಳಾಕತ್ತೀನಿ ಭಾವಾರ, ರೈಲು ಬರ್ತದ, ರೈಲು ಬರ್ತದ ಅಂತ. ಬರಲಿಲ್ಲ. ನಾನೇ ತರ್ತೀನಿ."

ದೇವದುರ್ಗ ಬರಬೇಕಾದ ಜಾಗದಲ್ಲಿ ಒಂದು ಮಡಿ ಇತ್ತು. ಹಳೆಯ ಕಿಟಕಿಯ ಗಾಜುಗಳನ್ನು ಒರಗಿಸಿ ಚಳಿಗಾಳಿ ತಡೆದು ಬೆಳೆಸಿದ ಪುಂಡಿ. ಕೆಂಪು ದಂಟು, ಗೇಣುದ್ದ, ಬಡಕಲು. ಮಡಿಯ ಸುತ್ತ ಹಗ್ಗ ಕಟ್ಟಿತ್ತು.

ಸಂಜೆ ಶಾಂತಾ ನನ್ನನ್ನು ಆ ಹಗ್ಗದ ಹತ್ತಿರ ನಿಲ್ಲಿಸಿ ಹೇಳಿದಳು: "ಬರೀ ಪಲ್ಯೆದ ಮಾತಲ್ಲ ಅಣ್ಣ. ಇಲ್ಲೇ ರಾಯಚೂರು, ಇಲ್ಲೇ ಮಾನ್ವಿ, ಇಲ್ಲೇ ದೇವದುರ್ಗ ಮಾಡ್ಕೊಂಡ ಮ್ಯಾಲ ಅಲ್ಲಿಗೆ ಯಾಕ ಬರ್ತಾರ ಇವರು? ಆದಿತ್ಯವಾರ ಉಂಡು ಒಂದು ಸುತ್ತು ಹಾಕಿದ್ರ ಊರಿಗೆ ಹೋಗಿ ಬಂದಂಗ ಆತು. ಮಾನ್ವಿ ತನಕ ಬೇಕಾದ್ರ ಹಾಕ್ಲಿ. ಈ ಮಡಿ ಮ್ಯಾಲ ಹಳಿ ಬಿದ್ದು ಸುತ್ತು ಕೂಡಿದ ದಿನ, ನಾವು ಇಲ್ಲೇ ಖಾಯಂ."

ನಾನು ನನ್ನ ಸೇವೆಯಲ್ಲಿ ಅನೇಕ ಭೂಮಾಲೀಕರ ತಕರಾರು ಕೇಳಿದ್ದೇನೆ. ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ.

ಸರ್ವೇ

ಒಬ್ಬರ ಟಿಕೆಟ್ಟಿನಲ್ಲಿ ಬಂದು, ಇನ್ನೊಬ್ಬರ ಕರೆಗೆ ಬಂದು, ಎರಡು ವಿರುದ್ಧ ಕೆಲಸಗಳನ್ನು ಒಪ್ಪಿಕೊಂಡವನು ಏನು ಮಾಡಬೇಕು? ಅನುಭವ ಕೈಹಿಡಿಯಿತು. ರೈಲನ್ನು ತಡೆಯಬೇಕಾದರೆ ವಿರೋಧಿಸಬಾರದು, ಸರ್ವೇ ಮಾಡಬೇಕು. ನಮ್ಮ ಭಾಗದಲ್ಲಿ ಯಾರದೋ ಹೊಲದಲ್ಲಿ ಯಾವ ಕಾಲದಲ್ಲೋ ನೆಟ್ಟ ಕೆಂಪು ಬಾವುಟದ ಕತೆ ಪ್ರತಿ ಊರಿನಲ್ಲೂ ಇದೆ. ಬಾವುಟ ಹರಿಯುತ್ತದೆ, ಕೋಲು ಒಲೆಗೆ ಹೋಗುತ್ತದೆ, ಜನರಿಗೆ ಮಾತ್ರ ಕೆಲಸ ನಡೆದಿದೆ ಎಂಬ ಸಮಾಧಾನ ಉಳಿಯುತ್ತದೆ.

ಆದ್ದರಿಂದ ನಾನು ರಾಯಚೂರಿನಿಂದ ಮಾನ್ವಿಯವರೆಗಿನ ಹಳಿಯನ್ನು ಪ್ರಾಮಾಣಿಕವಾಗಿ ಹಾಸುತ್ತ, ಮಾನ್ವಿಯ ಆಚೆಗೆ ಪ್ರತಿದಿನ ಸರ್ವೇ ಮಾಡತೊಡಗಿದೆ. ಗೂಟ ನೆಟ್ಟೆ, ದಾರ ಎಳೆದೆ, ಮಟ್ಟ ನೋಡಿದೆ, ತಲೆಯಾಡಿಸಿದೆ, ಗೂಟ ಕಿತ್ತೆ. "ಮಣ್ಣು ಮೆತ್ತಗದರೀ ಡಾಕ್ಟ್ರ," ಎಂದೆ ಒಂದು ದಿನ. "ತಿರುವು ಭಾಳ ಬಿಗಿ ಆಗ್ತದ," ಎಂದೆ ಇನ್ನೊಂದು ದಿನ. ಮಳೆ ಬಂದ ದಿನ ಏನೂ ಹೇಳಬೇಕಾಗಿರಲಿಲ್ಲ. ಮಳೆ ಹೆಚ್ಚುಕಡಿಮೆ ದಿನಾಲೂ ಬಂತು. ರಾಯಚೂರಿನ ಮಳೆಗೆ ಒಂದು ಮರ್ಯಾದೆ ಇದೆ. ಬಂದರೆ ಬಂತು, ಹೋದರೆ ಹೋಯಿತು. ಈ ಮಳೆ ಕಚೇರಿಯ ಗುಮಾಸ್ತನಂತೆ ಬೆಳಗಿನಿಂದ ಸಂಜೆಯವರೆಗೆ ಕೂತಿರುತ್ತಿತ್ತು, ಕೆಲಸ ಮಾತ್ರ ಮಾಡುತ್ತಿರಲಿಲ್ಲ.

ಸಣ್ಣ ಹಳಿಗೆ ಸಣ್ಣ ಶ್ರಮ ಸಾಕು ಎಂದುಕೊಂಡಿದ್ದೆ. ಅದು ತಪ್ಪು. ದೊಡ್ಡ ಹಳಿಗೆ ಬಗ್ಗಿದರೆ ಸಾಕು, ಸಣ್ಣ ಹಳಿಗೆ ಬೋರಲು ಮಲಗಬೇಕು. ಒದ್ದೆ ಹುಲ್ಲಿನ ಮೇಲೆ ಗೋಣಿಚೀಲ ಹಾಸಿ, ಹೊಟ್ಟೆ ಮೇಲೆ ಮಲಗಿ, ಒಂದು ಕಣ್ಣು ಮುಚ್ಚಿ ಹಳಿಯ ನೇರ ನೋಡುತ್ತ ನಾನು ನನ್ನ ಗ್ಯಾಂಗಿನ ಜನರನ್ನು ನೆನೆದೆ. ನನಗೆ ಬೈಯಲು ಯಾರೂ ಇರಲಿಲ್ಲ. ಡಾಕ್ಟರನನ್ನು ಬೈದರೆ ಅವನು "ಹೌದ್ರಿ ಭಾವಾರ" ಎನ್ನುತ್ತಿದ್ದ. ಅದರಲ್ಲಿ ಏನು ಸುಖ?

ಪಕ್ಕದ ಮನೆಯ ಫ್ರ್ಯಾಂಕ್ ಎಂಬ ಮುದುಕರು ದಿನಾ ತಮ್ಮ ಬಟ್ಟಲ ಚಹಾ ಹಿಡಿದು ಬೇಲಿಯ ಆಚೆ ನಿಲ್ಲುತ್ತಿದ್ದರು. ಬೇಲಿ ನನ್ನ ಮೊಣಕಾಲಿಗಿಂತ ಎತ್ತರವಿರಲಿಲ್ಲ. ಆದರೂ ಕರೆಯದೆ ಅವರು ಅದನ್ನು ದಾಟುವುದಿಲ್ಲ. ನಮ್ಮಲ್ಲಿ ಎದೆಯೆತ್ತರದ ಗೋಡೆಯನ್ನೂ ಉಪ್ಪು ಕೇಳಲು ಹತ್ತಿ ಇಳಿಯುತ್ತಾರೆ. ನಾನು ನಮಸ್ಕಾರ ಮಾಡಿದರೆ ಅವರು ಹವೆಯ ವಿಷಯ ಹೇಳುತ್ತಿದ್ದರು. ನೆತ್ತಿಯ ಮೇಲೆ ಮಳೆ ಸುರಿಯುತ್ತಿರುವಾಗ "ಮಳೆ ಬರಬಹುದು ಅನ್ನಿಸುತ್ತದೆ" ಎಂದರು ಒಮ್ಮೆ. ಹೇಗಿದ್ದೀರಿ ಎಂದು ಕೇಳಿದರೆ "ತೀರಾ ಕೆಟ್ಟದಾಗೇನೂ ಇಲ್ಲ" ಎನ್ನುತ್ತಿದ್ದರು. ಆ ಜನ ಚೆನ್ನಾಗಿದ್ದೇನೆ ಎಂದು ಒಪ್ಪಿಕೊಂಡದ್ದನ್ನು ನಾನು ಕೇಳಲಿಲ್ಲ. ಹುಲ್ಲನ್ನು ಮಾತ್ರ ಮಕ್ಕಳ ಹಾಗೆ ಸಾಕುತ್ತಾರೆ. ಗೊಬ್ಬರ ಹಾಕಿ ಬೆಳೆಸಿ, ಕತ್ತರಿಸಿ, ಎಸೆಯುತ್ತಾರೆ. ಅದನ್ನು ತಿನ್ನಲು ಓಣಿಯಲ್ಲಿ ಒಂದು ಎಮ್ಮೆಯೂ ಇಲ್ಲ.

ಹಿತ್ತಲಿನ ಮಾನ್ವಿ

ಮಾನ್ವಿಯವರೆಗೆ ಹಳಿ ಮುಟ್ಟಿದ ಆದಿತ್ಯವಾರ ಪರೀಕ್ಷಾ ಓಟ ಇಟ್ಟುಕೊಂಡೆವು. ಡಾಕ್ಟರ್ ತಲೆಗೆ ಟೊಪ್ಪಿಗೆ ಹಾಕಿದ. ಎಂಜಿನ್ನಿನ ಹಿಂದಿನ ಮಣೆಯಂಥ ಗಾಡಿಯ ಮೇಲೆ ಕೂತರೆ ಅವನ ಮೊಣಕಾಲು ಕಿವಿಗೆ ಬರುತ್ತಿತ್ತು. ನಾನು ಗಾರ್ಡು. ಹಸಿರು ನಿಶಾನೆಗೆ ಬಟ್ಟೆ ಬೇಕಾಗಿ ಶಾಂತಾಳ ಹಸಿರು ಕುಪ್ಪಸದ ಖಣ ಕೇಳಿದೆ.

"ಒಗ್ಗರಣಿ ಸೌಟು ಆತು, ಈಗ ಖಣ. ಮುಂದ ನನ್ನ ತಾಳಿನೂ ಕೇಳ್ತೀರಿ, ಬ್ರೇಕಿಗೆ," ಎಂದು ಅವಳು ಕೊಟ್ಟಳು. ನಗಲಿಲ್ಲ.

ನಾನು ಖಣ ಬೀಸಿದೆ. ಎಂಜಿನ್ನು ಸಿಳ್ಳೆ ಹಾಕಿತು. ಆ ಸಿಳ್ಳೆಗೆ ನಾನು ನೆಟ್ಟಗೆ ನಿಂತು ಸಲಾಮು ಹೊಡೆದದ್ದು ನಿಜ, ಇಂಥ ಬಾಬತ್ತಿನಲ್ಲಿ ಗಾತ್ರಕ್ಕೆ ಬೆಲೆಯಿಲ್ಲ. ಗಾಡಿ ಶೆಡ್ಡನ್ನು ದಾಟಿತು, ಬಟ್ಟೆ ಒಣಗಿಸುವ ತಂತಿಯ ಕೆಳಗೆ ಡಾಕ್ಟರ್ ತಲೆ ಬಗ್ಗಿಸಿದ, ಒದ್ದೆ ಟವೆಲ್ಲೊಂದು ಅವನ ಟೊಪ್ಪಿಗೆಯನ್ನು ಇಳಿಸಿಕೊಂಡಿತು. ಅದನ್ನು ಹಿಡಿಯಲು ಅವನು ಪಕ್ಕಕ್ಕೆ ವಾಲಿದ. ಮಾನ್ವಿ ಸ್ಟೇಷನ್ನಿಗೆ ಎರಡು ಹೆಜ್ಜೆ ಇರುವಾಗ ಗಾಡಿ ಹಳಿ ತಪ್ಪಿ, ಡಾಕ್ಟರ್ ಕತ್ತರಿಸಿದ ಹುಲ್ಲಿನ ಗುಡ್ಡೆಯ ಮೇಲೆ ಬಿದ್ದ.

"ತೀರಾ ಕೆಟ್ಟದಾಗೇನೂ ಇಲ್ಲ," ಎಂದರು ಬೇಲಿಯಾಚೆಯ ಫ್ರ್ಯಾಂಕ್.

ನಾನು ಅಭ್ಯಾಸಬಲದಿಂದ ಗಾಯಾಳುವನ್ನು ಬಿಟ್ಟು ಹಳಿಯ ಕಡೆಗೆ ಓಡಿದೆ. ಅಳತೆ ಸರಿಯಾಗಿತ್ತು. ತನಿಖೆಯಲ್ಲಿ ದೋಷ ಚಾಲಕನದೆಂದು ಸ್ಥಾಪಿತವಾಯಿತು.

ಡಾಕ್ಟರ್ ಏಳಲಿಲ್ಲ. ಹುಲ್ಲಿನ ಮೇಲೆಯೇ ಕೂತು ಮಾನ್ವಿಯ ಹಲಗೆಯನ್ನು ನೋಡುತ್ತಿದ್ದ. ನಾನೂ ಸೊಂಟ ಹಿಡಿದುಕೊಂಡು ಪಕ್ಕದಲ್ಲಿ ಕೂತೆ.

"ಭಾವಾರ, ಖರೇ ಹೇಳ್ರಿ. ಆ ಕಡಿ ನೀವು ಸರ್ವೇ ಮಾಡಾಕತ್ತೀರೋ, ಹೊತ್ತು ಕಳ್ಯಾಕತ್ತೀರೋ?"

"ಎರಡೂ ಒಂದೇ ಅಲ್ರಿ."

ಅವನು ನಕ್ಕ. ಆಮೇಲೆ, "ಶಾಂತಾ ಹೇಳ್ಯಾಳ," ಎಂದ.

"ಹೇಳ್ಯಾಳ. ನಿಮ್ಮಣ್ಣಾರೂ ಹೇಳ್ಯಾರ. ಖೋಲಿ ತೋರಿಸಿದ್ರು, ಬೋರ್ಡ್ ತೋರಿಸಿದ್ರು. ಬರ್ತೀ ಇಲ್ಲಾ ಬರಂಗಿಲ್ಲ, ಒಂದು ಮಾತು ಹೇಳಬೇಕಂತ."

"ನಾ ಏನ್ ಡಾಕ್ಟರ್ ಗೊತ್ತೇನ್ರಿ ನಿಮಗ?"

"ಇಂಗ್ಲೆಂಡ್ ಡಾಕ್ಟರ್."

"ಆಪರೇಷನ್ ಮಾಡೋ ಮೊದಲ ಮಂದೀನ ಮಲಗಸ್ತಾರಲ್ರಿ, ಆ ಡಾಕ್ಟರ್. ಕೊಯ್ಯಾಂವ ಬ್ಯಾರೆ. ನಾ ಬರೇ ಮಲಗಸಾಂವ, ಎಬ್ಬಸಾಂವ. ಜ್ವರದ ಗುಳಿಗಿ ಬರದು ಎಷ್ಟು ವರ್ಷ ಆತು, ನೆನಪಿಲ್ಲ ನನಗ. ಅಣ್ಣ ಮಾನ್ವಿಯೊಳಗ ಬೋರ್ಡ್ ಹಾಕ್ಯಾನ. ಚೇಳು ಕಡದೋರು ಬರ್ತಾರ, ಕೂಸಿಗೆ ವಾಂತಿ ಅಂತ ಬರ್ತಾರ, ಹಡಿಯಾಕ ಬರ್ತಾರ. ನಾ ಏನ್ ಮಾಡ್ಲಿ? ಎಲ್ಲಾರ್ನೂ ಮಲಗಸಿ ಕಳಸ್ಲೇನು? ಮಾನ್ವಿ ಬಿಸಲಾಗ ಮಧ್ಯಾಹ್ನ ಉಂಡ ಮ್ಯಾಲ ಮಲಗಾಕ ಯಾರಿಗೂ ಡಾಕ್ಟರ್ ಬೇಕಿಲ್ರಿ."

ಇದು ನಗೆಯ ಮಾತೇ. ಅವನು ಮುಖ ಒರೆಸಿಕೊಂಡ ರೀತಿ ನೋಡಿ ನಾನು ನಗಲಿಲ್ಲ.

"ಅಣ್ಣಗ ಹ್ಯಾಂಗ ಹೇಳ್ಲಿ? ಇಷ್ಟು ವರ್ಷ ಓದಿ ಇದನ್ನ ಕಲ್ತೇನಲೇ ಅಂತಾನ."

"ಇದಕ್ಕ ಊರಿಗೆ ಹೊಂಟಿಲ್ಲ ಅಂತ ನನಗ್ಯಾಕ ಹೇಳಿಲ್ಲ?"

ಕೇಳಿದವಳು ಶಾಂತಾ. ಟವೆಲ್ಲು ತೆಗೆಯಲು ಬಂದು ತಂತಿಯ ಹಿಂದೆ ನಿಂತಿದ್ದಳು. ಟೊಪ್ಪಿಗೆ ಅವಳ ಕೈಯಲ್ಲಿತ್ತು.

"ಹೇಳಿದ್ರ ನೀ ರಾಯಚೂರು ಅಂತಿದ್ದಿ," ಎಂದ ಡಾಕ್ಟರ್, ಕುಳಿತಲ್ಲಿಂದಲೇ.

"ಈಗನೂ ಅಂತೀನಿ. ರಾಯಚೂರಾಗ ಆಪರೇಷನ್ ಮಾಡಂಗಿಲ್ಲೇನು? ಮಂದಿ ಎಚ್ಚರ ಇದ್ದಾಗನ ಕೊಯ್ತಾರೇನು? ಮಾನ್ವಿಗೆ ಬ್ಯಾಡ. ರಾಯಚೂರಿಗೆ ಹೋಗೋಣು."

ಡಾಕ್ಟರ್ ಹುಲ್ಲು ಜಾಡಿಸಿಕೊಂಡು ಎದ್ದ. ಉರುಳಿದ ಗಾಡಿಯನ್ನು ಎತ್ತಿ ಹಳಿಯ ಮೇಲೆ ಇಟ್ಟ. ಗಾಲಿ ಕೂತಿದೆಯೇ ಎಂದು ಮುಟ್ಟಿ ನೋಡಿದ.

"ನೋಡೋಣ," ಎಂದ.

ಕನ್ನಡದಲ್ಲಿ ಇಲ್ಲ ಎಂಬುದಕ್ಕೆ ಅನೇಕ ಪದಗಳಿವೆ. ಇದು ಅವುಗಳಲ್ಲಿ ಅತ್ಯಂತ ಸಭ್ಯವಾದದ್ದು. ಶಾಂತಾ ಟೊಪ್ಪಿಗೆಯನ್ನು ಅವನ ತಲೆಯ ಮೇಲಿಟ್ಟು ಒಳಗೆ ಹೋದಳು.

ಹಿತ್ತಲಿನ ದೇವದುರ್ಗ

ಮರುದಿನ ಬೆಳಿಗ್ಗೆ ಮಡಿಯ ಸುತ್ತಲಿನ ಹಗ್ಗ ಇರಲಿಲ್ಲ. ಶಾಂತಾ ಮಡಿಯ ಪಕ್ಕ ನಿಂತು, "ಹಾಕ್ರಿ ಹಳಿ," ಎಂದಳು.

ಡಾಕ್ಟರ್ ಹಿಗ್ಗಲಿಲ್ಲ, ಹೆದರಿದ. "ಯಾಕ?"

"ಹನ್ನೆರಡು ವರ್ಷ ನೋಡೋಣ ಅಂದ್ರಿ. ಇನ್ನ ನೋಡಾಕ ನನಗ ಕಣ್ಣಿಲ್ಲ. ಹಾಕ್ರಿ. ಆದ್ರ ನನ್ನ ಪುಂಡಿಗೆ ಬ್ಯಾರೆ ಬಿಸಿಲು ಎಲ್ಲಿ ಅದ ಅಂತ ಮೊದಲ ತೋರಸ್ರಿ. ತೋರಸಿ ಆಮ್ಯಾಲ ಕೀಳ್ರಿ."

ಭೂಮಿಗೆ ಬದಲು ಭೂಮಿ. ನ್ಯಾಯವಾದ ಬೇಡಿಕೆ. ನಾನು ಮತ್ತು ಡಾಕ್ಟರ್ ಬಿಸಿಲು ಹುಡುಕಲು ಹೊರಟೆವು. ರಾಯಚೂರು ಸೀಮೆಯಲ್ಲಿ ಹುಟ್ಟಿದವನು ಬಿಸಿಲು ಹುಡುಕುತ್ತ ಗೂಟ ಹಿಡಿದು ತಿರುಗಬೇಕಾದೀತೆಂದು ಯಾವ ಜ್ಯೋತಿಷಿಯೂ ನನಗೆ ಹೇಳಿರಲಿಲ್ಲ. ಬೆಳಿಗ್ಗೆ ಬಿಸಿಲು ಬಿದ್ದ ಕಡೆ ಗೂಟ ನೆಟ್ಟೆವು. ಮಧ್ಯಾಹ್ನಕ್ಕೆ ಅಲ್ಲಿ ಶೆಡ್ಡಿನ ನೆರಳು. ಮಾನ್ವಿಯಲ್ಲಿ ಫ್ರ್ಯಾಂಕರ ಮರದ ನೆರಳು. ರಾಯಚೂರಿನಲ್ಲಿ ಮನೆಯದೇ ನೆರಳು. ಸೂರ್ಯ ಆ ಹಿತ್ತಲಿಗೆ ಬರುತ್ತಿದ್ದದ್ದು ಆ ಒಂದು ಮಡಿಗೋಸ್ಕರ ಎಂಬಂತಿತ್ತು.

"ಸ್ವಲ್ಪ ಸಣ್ಣ ಮಡಿ ಆದ್ರ?" ಎಂದು ಡಾಕ್ಟರ್ ಕೇಳಿದ.

"ಸ್ವಲ್ಪ ಸಣ್ಣ ರೈಲು ಆದ್ರ?" ಎಂದು ಶಾಂತಾ ಕೇಳಿದಳು.

ಹಲವು ದಿನ ಹೀಗೇ ನಡೆಯಿತು. ಗಂಡಹೆಂಡತಿ ಕಾಗದದ ಮೇಲೆ ಮಡಿಯನ್ನು ಅತ್ತ ಸರಿಸಿದರು, ಹಳಿಯನ್ನು ಇತ್ತ ಬಗ್ಗಿಸಿದರು, ಬೈದಾಡಿದರು, ಒಬ್ಬರ ಕೈಯ ಪೆನ್ಸಿಲ್ಲನ್ನು ಒಬ್ಬರು ಕಸಿದುಕೊಂಡರು. ನಾನು ಸೊಂಟಕ್ಕೆ ಬಿಸಿನೀರಿನ ಚೀಲ ಕಟ್ಟಿಕೊಂಡು ನೋಡುತ್ತಿದ್ದೆ. ಊರಿಗೆ ಯಾವಾಗ ಎಂದು ಆರಂಭವಾದ ಮಾತು ಬಿಸಿಲು ಎಲ್ಲಿ ಎಂಬಲ್ಲಿಗೆ ಇಳಿದಿತ್ತು. ರಾಯಚೂರು ಎಂದು ಅವರು ದಿನಕ್ಕೆ ಇಪ್ಪತ್ತು ಸಲ ಹೇಳುತ್ತಿದ್ದರು. ಅಡುಗೆಮನೆಯ ಬಾಗಿಲಿನ ರಾಯಚೂರು. ಒಂದು ಸಲ ನಾನು, "ಯಾವ ರಾಯಚೂರು?" ಎಂದು ಕೇಳಿದೆ. ಶಾಂತಾ ನನ್ನ ಮುಖ ನೋಡಿ, ಪೆನ್ಸಿಲ್ಲನ್ನು ಕೆಳಗಿಟ್ಟು, ಚಹಾಕ್ಕೆ ಇಡಲು ಎದ್ದು ಹೋದಳು. ಆಮೇಲೆ ನಾನು ಕೇಳಲಿಲ್ಲ.

ಇದ್ದಕ್ಕಿದ್ದಂತೆ ಒಂದು ದಿನ ಅವಳು ಪುಂಡಿ ಕೊಯ್ದಳು. ಬುಡ ಬಿಟ್ಟು, ಮೇಲಿನ ಎಲೆ ಅಷ್ಟೇ. ನಾನು ತಂದ ಸಜ್ಜಿರೊಟ್ಟಿ ಉಳಿದಿತ್ತು. ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಬಡಿಸಿದಳು, ಸೌಟು ಅಂದು ಅಡುಗೆಮನೆಗೆ ಮರಳಿತ್ತು. ಡಾಕ್ಟರ್ ಮತ್ತೆ ಮತ್ತೆ ಹಾಕಿಸಿಕೊಂಡ. "ಊರಾಗಿನ ರುಚಿನೇ ಬಂದದ," ಎಂದ.

"ಇಲ್ಲ," ಎಂದಳು ಶಾಂತಾ. "ಹುಳಿ ಕಡಿಮಿ. ಬಿಸಿಲು ಸಾಲದು."

ಹೊರಟ ದಿನ

ಹೊರಡುವ ದಿನ ಡಾಕ್ಟರ್ ಹಟ ಹಿಡಿದು ನನ್ನನ್ನೂ ನನ್ನ ಪೆಟ್ಟಿಗೆಯನ್ನೂ ರೈಲಿನಲ್ಲಿ ಕೂಡಿಸಿದ. ಈ ಸಲ ಹಳಿ ತಪ್ಪಲಿಲ್ಲ. ಮಾನ್ವಿಗೆ ಹೋಗಿ ನಿಂತೆವು. ಮುಂದೆ ಹಳಿಯಡಿಗೆ ಹಾಕುವ ಮೂರು ಸ್ಲೀಪರು ಮಣ್ಣಲ್ಲಿ ಬಿದ್ದಿದ್ದವು, ಆಚೆ ಪುಂಡಿ ಮತ್ತೆ ಚಿಗುರಿತ್ತು. ತಿರುವು ಇಲ್ಲದ್ದರಿಂದ ಎಂಜಿನ್ನು ಹಿಂದಕ್ಕೆ ಹಿಂದಕ್ಕೆ ನಡೆದು ನಮ್ಮನ್ನು ರಾಯಚೂರಿಗೆ ತಂದು ಬಿಟ್ಟಿತು. ಫ್ರ್ಯಾಂಕ್ ಬೇಲಿಯಾಚೆಯಿಂದ ಕೈ ಕುಲುಕಿ, ನನ್ನ ಪ್ರಯಾಣಕ್ಕೆ ಹವೆ ಪರವಾಗಿಲ್ಲ ಎಂದರು. ಶಾಂತಾ ಬಾಗಿಲ ತನಕ ಬಂದು ಕಾಲಿಗೆ ಬಿದ್ದಳು.

"ಬಸಣ್ಣಾರಿಗೆ ಏನ್ ಹೇಳ್ಲವ್ವಾ?"

ಅವಳು ಗಂಡನ ಕಡೆ ನೋಡಿದಳು. ಅವನು ನನ್ನ ಪೆಟ್ಟಿಗೆಯ ಹಿಡಿಕೆ ಗಟ್ಟಿಯಿದೆಯೇ ಎಂದು ನೋಡುತ್ತಿದ್ದ.

"ಆರಾಮ ಅದಾರ ಅಂತ ಹೇಳು," ಎಂದಳು.

ಊರಿಗೆ ಮರಳಿದ ಮೇಲೆ ಮಾನ್ವಿಗೆ ಹೋಗಿ ನಾನು ಬಸಣ್ಣನವರಿಗೆ ಅವರ ತಮ್ಮ ಯಾವ ಡಾಕ್ಟರ್ ಎಂಬುದನ್ನು ವಿವರಿಸಿ ಹೇಳಿದೆ. ಅವರು ಬೋರ್ಡಿನ ಕಡೆ ನೋಡಿ, "ಅಷ್ಟ ಅದನ್ನ ಮಾಡಾಕ ಒಬ್ಬ ಡಾಕ್ಟರ್ ಬೇಕೇನ್ರಿ?" ಎಂದು ಕೇಳಿದರು. ಬೇಕಂತ ಎಂದೆ. ಬರುತ್ತಾನೋ ಇಲ್ಲವೋ ಎಂದು ಕೇಳಿದರು. ನನಗೆ ಸುಸ್ತಾಗಿತ್ತು. ಕೇಳಿಲ್ಲ ಎಂದುಬಿಟ್ಟೆ.

ಮರುವರ್ಷ ಬೇಸಿಗೆಯಲ್ಲಿ ಡಾಕ್ಟರ್ ದಂಪತಿ ಇಂಗ್ಲೆಂಡಿನ ಆ ಮನೆ ಮಾರಿ ಅದೇ ಊರಿನಲ್ಲಿ ಇನ್ನೂ ದೊಡ್ಡ ಹಿತ್ತಲಿರುವ ಮನೆ ಕೊಂಡರು. ಮನೆ ಆರಿಸಿದವಳು ಶಾಂತಾ.